ಶಾಲೆಗೆ ಮಳೆನೀರು ಕೊಯ್ಲು: ಫೈನಲ್ ಇಯರ್ ಪ್ರಾಜೆಕ್ಟ್‌ಗೆ ತಿಳಿದವರ ಸಲಹೆ ಬೇಕು

ಎಲ್ಲರಿಗೂ ನಮಸ್ಕಾರ. ನಾವು ನಾಲ್ವರು ಸಿವಿಲ್ ಏಳನೇ ಸೆಮಿಸ್ಟರ್ ವಿದ್ಯಾರ್ಥಿಗಳು. ಪಾವಗಡ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಗೆ ತಾರಸಿ ಮಳೆನೀರು ಕೊಯ್ಲು ಡಿಸೈನ್ ಮಾಡಬೇಕೆಂದಿದ್ದೇವೆ. 120 ಮಕ್ಕಳಿದ್ದಾರೆ, ಆರ್‌ಸಿಸಿ ತಾರಸಿ ಸುಮಾರು 200 ಚದರ ಮೀಟರ್. ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 2.8 ಮಿ.ಗ್ರಾಂ ಇದೆ. ಬರೀ ರಿಪೋರ್ಟ್ ಬೈಂಡ್ ಮಾಡಿಸಿ ಕೈತೊಳೆದುಕೊಳ್ಳಲು ಇಷ್ಟವಿಲ್ಲ, ಕಟ್ಟಿಯೇ ಬರಬೇಕು. ತೊಟ್ಟಿ ಎಷ್ಟು ದೊಡ್ಡದಿರಬೇಕು? ಸಾಮಾನ್ಯವಾಗಿ ಇಂಥವು ಎಲ್ಲಿ ಕೆಡುತ್ತವೆ?

ಪಂಚಾಯತ್ ರಾಜ್ ಎಂಜಿನಿಯರಿಂಗ್ ಕಡೆಯಿಂದ

ಡಿಸೈನ್‌ಗೆ ಕೈಹಾಕುವ ಮೊದಲು ಶಾಲೆಯ ಹಿತ್ತಲಿಗೆ ಹೋಗಿ ನೋಡಿ. 2006ರ ಸುವರ್ಣ ಕರ್ನಾಟಕದ ಹೊತ್ತಿನಲ್ಲಿ ‘ಸುವರ್ಣ ಜಲ’ ಯೋಜನೆಯಡಿ ಸಾವಿರಾರು ಗ್ರಾಮೀಣ ಶಾಲೆಗಳಿಗೆ ಮಳೆನೀರು ತೊಟ್ಟಿ ಕಟ್ಟಿದ್ದರು. ಎಷ್ಟೋ ಕಡೆ ತೊಟ್ಟಿ ಗಟ್ಟಿಯಾಗಿಯೇ ನಿಂತಿದೆ, ಪೈಪು ಮಾತ್ರ ಮಾಯವಾಗಿದೆ. ನಿಮ್ಮ ಶಾಲೆಯಲ್ಲೂ ಇದ್ದರೆ ಅದೇ ನಿಮ್ಮ ಮೊದಲ ಅಧ್ಯಾಯ. ಯಾಕೆ ನಿಂತುಹೋಯಿತು ಎಂದು ಹುಡುಕಿ: ಪೈಪ್ ಒಡೆದದ್ದೋ, ನಲ್ಲಿ ಕಿತ್ತುಹೋದದ್ದೋ, ನೀರಿನ ರುಚಿ ಒಗ್ಗಲಿಲ್ಲವೋ, ತೊಳೆಯುವವರು ಇರಲಿಲ್ಲವೋ. ಹಳೆಯದನ್ನು ರಿಪೇರಿ ಮಾಡಿ ಎರಡನೆಯದನ್ನು ಸೇರಿಸುವುದು ಹೊಸದಾಗಿ ಕಟ್ಟುವುದಕ್ಕಿಂತ ಒಳ್ಳೆಯ ಪ್ರಾಜೆಕ್ಟ್.

ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ನಡಾವಳಿ ಬರೆಸಿ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯ ಲಿಖಿತ ಒಪ್ಪಿಗೆ ಪಡೆಯಿರಿ. ಅಂದಾಜು ಪಟ್ಟಿಯನ್ನು ಆ ವರ್ಷದ ಎಸ್.ಆರ್. (ಸರ್ಕಾರಿ ದರಪಟ್ಟಿ) ದರದಲ್ಲೇ ಮಾಡಿ. ಅಂಗಡಿ ಕೊಟೇಶನ್ ಮೇಲೆ ಮಾಡಿದ ಅಂದಾಜಿಗೆ ತಾಂತ್ರಿಕ ಮಂಜೂರಾತಿ ಸಿಗುವುದಿಲ್ಲ, ಪಂಚಾಯಿತಿಯ ಪಿಡಿಒಗೆ ಮನಸ್ಸಿದ್ದರೂ ಹಣ ಬಿಡಲಾಗದು. ಜೊತೆಗೆ ಬೆಂಗಳೂರಿನ ಐಐಎಸ್‌ಸಿ ಆವರಣದ ಕೆಎಸ್‌ಸಿಎಸ್‌ಟಿ (ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ) ಪ್ರತಿವರ್ಷ ವಿದ್ಯಾರ್ಥಿ ಪ್ರಾಜೆಕ್ಟ್‌ಗಳಿಗೆ ಧನಸಹಾಯಕ್ಕೆ ಅರ್ಜಿ ಕರೆಯುತ್ತದೆ, ಕಾಲೇಜಿನ ಮೂಲಕ ಹಾಕಿ. ಆ ಮೊತ್ತ ಸಣ್ಣದು. ನೀರಿನ ಪರೀಕ್ಷೆ, ಪೈಪು, ಫಿಲ್ಟರಿಗೆ ಅದನ್ನು ಇಟ್ಟುಕೊಂಡು ತೊಟ್ಟಿಯ ಖರ್ಚಿಗೆ ಬೇರೆ ದಾರಿ ನೋಡಿ.

ಹೈಡ್ರಾಲಜಿ ಪಾಠ ಮಾಡುವವರಿಂದ

ತೊಟ್ಟಿಯ ಅಳತೆಯಲ್ಲಿ ವಿದ್ಯಾರ್ಥಿಗಳು ಎಡವುವುದು ವಾರ್ಷಿಕ ಸರಾಸರಿ ಹಿಡಿಯುವುದರಿಂದ. ಸರಾಸರಿ 550 ಮಿ.ಮೀ. ಎಂದುಕೊಂಡರೆ 200 × 0.55 × 0.8 (ಬಿದ್ದ ಮಳೆಯಲ್ಲಿ ಕೈಗೆ ಸಿಗುವ ಪಾಲು), ಅಂದರೆ 88,000 ಲೀಟರ್. ಕುಡಿಯಲು, ಅಡುಗೆಗೆ ಮಗುವಿಗೆ ದಿನಕ್ಕೆ 3 ಲೀಟರ್ ಹಿಡಿದರೆ 120 ಮಕ್ಕಳಿಗೆ 360 ಲೀಟರ್, 220 ಶಾಲಾ ದಿನಕ್ಕೆ 79,200. ಕಾಗದದ ಮೇಲೆ ಸಾಕು ಅನಿಸುತ್ತದೆ. ಆದರೆ 380 ಮಿ.ಮೀ. ಬಿದ್ದ ವರ್ಷ ಸಿಗುವುದು 60,800 ಮಾತ್ರ. ಹತ್ತಿರದ ಮಳೆಮಾಪನ ಕೇಂದ್ರದ 30 ವರ್ಷದ ದಾಖಲೆ ತಂದು ಇಳಿಕೆ ಕ್ರಮದಲ್ಲಿ ಜೋಡಿಸಿ, 75% ಭರವಸೆಯ ಮಳೆ (ನಾಲ್ಕರಲ್ಲಿ ಮೂರು ವರ್ಷ ಕನಿಷ್ಠ ಇಷ್ಟು ಬಿದ್ದೇ ಬೀಳುವ ಮಳೆ) ಎಷ್ಟೆಂದು ನೀವೇ ತೆಗೆಯಿರಿ. ನನ್ನ ಅಂಕಿಗಳು ಲೆಕ್ಕದ ದಾರಿ ತೋರಿಸಲು ಅಷ್ಟೆ.

ತೊಟ್ಟಿಯ ಗಾತ್ರ ನಿರ್ಧರಿಸುವುದು ಒಣ ತಿಂಗಳುಗಳು. ಆ ಭಾಗದಲ್ಲಿ ಸೆಪ್ಟೆಂಬರ್, ಅಕ್ಟೋಬರ್ ಮಳೆಯೇ ಮುಖ್ಯ. ಡಿಸೆಂಬರ್‌ನಿಂದ ಬೇಸಿಗೆ ರಜೆಯವರೆಗೆ ಸುಮಾರು 100 ಶಾಲಾ ದಿನ, 36,000 ಲೀಟರ್. ಒಂದೇ ದೊಡ್ಡ ತೊಟ್ಟಿ ಬೇಡ, 20,000 ಲೀಟರಿನ ಎರಡು ಮಾಡಿ. ಒಂದನ್ನು ತೊಳೆಯುವಾಗ ಇನ್ನೊಂದು ನಡೆಯುತ್ತದೆ. ಒಂದರಲ್ಲಿ ಬಿರುಕು ಬಿಟ್ಟರೂ ವರ್ಷದ ನೀರೆಲ್ಲ ಹೋಗುವುದಿಲ್ಲ.

ಬರದ ವರ್ಷಕ್ಕೆ ಮಿಶ್ರಣವನ್ನೂ ಡಿಸೈನ್‌ನಲ್ಲಿ ಸೇರಿಸಿ. ಒಂದು ಪಾಲು ಬೋರ್‌ವೆಲ್ ನೀರಿಗೆ ಎರಡು ಪಾಲು ಮಳೆನೀರು ಬೆರೆತರೆ 2.8 ಇದ್ದದ್ದು 0.93ಕ್ಕೆ ಇಳಿಯುತ್ತದೆ, ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ 1.0 ಮಿತಿಯೊಳಗೆ. 60,800 ಲೀಟರ್ ಹೀಗೆ 91,200 ಆಗುತ್ತದೆ. ಬೋರ್‌ವೆಲ್ ಫ್ಲೋರೈಡ್ ಕಾಲಕ್ಕೆ ತಕ್ಕಂತೆ ಏರಿಳಿಯುವುದರಿಂದ ಒಂದೇ ಪರೀಕ್ಷೆ ನಂಬಬೇಡಿ. ಮಳೆಗಾಲದ ಮೊದಲು ಒಮ್ಮೆ, ನಂತರ ಒಮ್ಮೆ ಮಾಡಿಸಿ, ಹೆಚ್ಚಿನ ಅಂಕಿಗೆ ಪ್ರಮಾಣ ಕಟ್ಟಿ.

ಪ್ಲಂಬಿಂಗ್, ಫೆರೋಸಿಮೆಂಟ್ ಕೆಲಸ ಗೊತ್ತಿರುವವರಿಂದ

ತಮ್ಮಂದಿರಾ, ಲೆವೆಲ್ ಹಿಡಿಯದೆ ಡ್ರಾಯಿಂಗ್ ಮಾಡಬೇಡಿ. ತಾರಸಿ ನೆಲದಿಂದ 3.3 ಮೀ. ಇದೆ ಅಂದುಕೊಳ್ಳಿ. ಔಟ್‌ಲೆಟ್ ಬೆಂಡ್‌ಗೆ 0.2 ಹೋಯಿತು. ಗೋಡೆಗುಂಟ 20 ಮೀ. ಅಡ್ಡಪೈಪಿಗೆ ನೂರಕ್ಕೆ ಒಂದರ ಇಳಿಜಾರು ಇನ್ನೊಂದು 0.2. ಫಿಲ್ಟರ್ ಪೆಟ್ಟಿಗೆ 0.6. ಉಳಿದದ್ದು 2.3. ಬಿಂದಿಗೆ ಇಡಲು ಕಟ್ಟೆ 0.3 ಬೇಕು. 2 ಮೀ. ಆಳದ ತೊಟ್ಟಿ ಇಟ್ಟರೆ ಮೇಲೆ ಒಂದು ಇಂಚೂ ಉಳಿಯಲಿಲ್ಲ. ಅದಕ್ಕೆ ನೀರಿನ ಆಳ 1.8 ಮಾಡಿ, ವ್ಯಾಸ 3.8ಕ್ಕೆ ಏರಿಸಿ. 20,400 ಲೀಟರ್ ಹಿಡಿಯುತ್ತೆ. ನೆಲದಡಿ ಸಂಪ್ ಮಾಡಿದರೆ ಲೆವೆಲ್ ತಲೆನೋವಿಲ್ಲ ನಿಜ, ಆದರೆ ಪಂಪು ಬೇಕು. ಪಂಪು ಕೆಟ್ಟ ದಿನವೇ ಯೋಜನೆ ಮುಗಿಯಿತು.

ಇಳಿಪೈಪು: ಗಂಟೆಗೆ 100 ಮಿ.ಮೀ. ಮಳೆಗೆ 100 ಮಿ.ಮೀ. ಪೈಪ್ ಒಂದಕ್ಕೆ 42.7 ಚದರ ಮೀಟರ್ ತಾರಸಿ. 200ಕ್ಕೆ ಐದು ಬೇಕು. ಶಾಲೆ ಕಟ್ಟಡದಲ್ಲಿ ಎರಡೋ ಮೂರೋ ಇರುತ್ತವೆ, ಎಣಿಸಿ ನೋಡಿ.

ಮೊದಲ ಮಳೆ ಹೊರಬಿಡುವ ವ್ಯವಸ್ಥೆಯನ್ನು ಜನ ಹಗುರವಾಗಿ ತಗೊಳ್ತಾರೆ. 1 ಮಿ.ಮೀ. ಮಳೆ ಅಂದರೂ 200 ಲೀಟರ್ ಕೊಳೆ ನೀರು. ಅಡ್ಡಪೈಪನ್ನು ಗೋಡೆಯ ಮೇಲ್ಭಾಗದಲ್ಲೇ ಓಡಿಸಿ, ಪ್ರತಿ ಔಟ್‌ಲೆಟ್ ಕೆಳಗೆ ಟೀ (T ಆಕಾರದ ಜೋಡಣೆ) ಹಾಕಿ 160 ಮಿ.ಮೀ. ಪೈಪ್ ನೇರ ಇಳಿಬಿಡಿ. ಕೊಳೆ ನೀರು ಮೊದಲು ಇದನ್ನು ತುಂಬುತ್ತೆ, ಆಮೇಲಿನದು ಅಡ್ಡಪೈಪಿಗೆ ಹೋಗುತ್ತೆ. ಮೀಟರಿಗೆ ಸುಮಾರು 18 ಲೀಟರ್ ಹಿಡಿಯುತ್ತೆ, 2.2 ಮೀ. ಇದ್ದರೆ ಒಂದೊಂದರಲ್ಲಿ 40 ಲೀಟರ್. ಬುಡಕ್ಕೆ ತಿರುಪು ಮುಚ್ಚಳ ಹಾಕಿ, ಕ್ಲಾಂಪ್ ಗಟ್ಟಿ ಇರಲಿ. ಈ ಪೈಪು ತಾನೇ ಖಾಲಿಯಾಗಲಿ ಅಂತ ಕೆಳಗೆ 3 ಮಿ.ಮೀ. ತೂತು ಕೊರೆಯುವ ರೂಢಿ ಇದೆ. ಲೆಕ್ಕ ಹಾಕಿ: ಪೈಪು ತುಂಬಿದಾಗ ಆ ತೂತಿನಿಂದ ಗಂಟೆಗೆ ಹತ್ತಿರ ಹತ್ತಿರ 100 ಲೀಟರ್ ಹೋಗುತ್ತೆ, ಐದರಿಂದ 500. ಅಂದರೆ ಗಂಟೆಗೆ 2.5 ಮಿ.ಮೀ.ನ ಸೋನೆ ಮಳೆಯೆಲ್ಲ ಹೊರಗೇ! ತೂತಿನ ಬದಲು ತೋಟದ ಹನಿ ನೀರಾವರಿಯ, ಗಂಟೆಗೆ 8 ಲೀಟರ್ ಹನಿಸುವ ಡ್ರಿಪ್ಪರ್ ಕೂರಿಸಿ. ಅಲ್ಲಿ ಒತ್ತಡ ಕಡಿಮೆ, ಅರ್ಧದಷ್ಟೇ ಹನಿಯುತ್ತೆ, ಒಂದು ದಿನದೊಳಗೆ ಖಾಲಿ. ಕಟ್ಟಿಕೊಂಡರೆ ಕಿತ್ತು ಬೇರೆ ಹಾಕಿದರಾಯಿತು, ಯಾವ ಊರಲ್ಲೂ ಸಿಗುತ್ತೆ.

ಫೆರೋಸಿಮೆಂಟ್ ಅಂದರೆ ಕಂಬಿ, ಜಾಲರಿ ಮೇಲೆ ಗಾರೆ ಬಳಿದು ಕಟ್ಟುವ ತೆಳು ಗೋಡೆ. ಅದರ ಗಾರೆ 1:2 (ಸಿಮೆಂಟ್, ಮರಳು), ನೀರು ಸಿಮೆಂಟಿನ 0.4ರಷ್ಟು ತೂಕ, ಜಾಸ್ತಿ ಬೇಡ. ತೊಟ್ಟಿಯ ಬುಡದಲ್ಲಿ ಹೂಪ್ ಎಳೆತ (ನೀರಿನ ಒತ್ತಡಕ್ಕೆ ಗೋಡೆಯ ಸುತ್ತ ಬರುವ ಎಳೆತ) ಮೀಟರಿಗೆ 33.5 ಕಿಲೋನ್ಯೂಟನ್ ಬರುತ್ತೆ, ಉಕ್ಕು ತಾಳಬಹುದಾದ ಒತ್ತಡ 130 ಎಂಪಿಎ ಹಿಡಿದರೆ 8 ಮಿ.ಮೀ. ಕಂಬಿ 180 ಮಿ.ಮೀ. ಅಂತರದಲ್ಲಿ ಸಾಕು. ಒಳಗೆ ಹೊರಗೆ ಎರಡೂ ಕಡೆ ಕೋಳಿಜಾಲರಿ. ಒದ್ದೆ ಗೋಣಿ ಸುತ್ತಿ 14 ದಿನ ಕ್ಯೂರಿಂಗ್. ಏಪ್ರಿಲ್ ಬಿಸಿಲಲ್ಲಿ ಗಾರೆ ಹಾಕಿ ಎರಡು ದಿನ ನೀರು ತಪ್ಪಿಸಿದರೆ ಕೂದಲೆಳೆ ಬಿರುಕು ಖಂಡಿತ. ಜನವರಿ, ಫೆಬ್ರವರಿಯಲ್ಲೇ ಮುಗಿಸಿ. ಹೊರಗಿನ ಪಿವಿಸಿಗೆ ಬಣ್ಣ ಬಳಿಯಿರಿ, ಬಿಸಿಲಿಗೆ ಪೆಡಸಾಗಿ ಒಡೆಯುತ್ತೆ. ಕೋತಿ ಕಾಟವಿದ್ದರೆ ಕ್ಲಾಂಪ್ ಒಂದೊಂದು ಮೀಟರಿಗೆ.

ನೀರು ಪರೀಕ್ಷೆ ಮಾಡುವವರಿಂದ

ಮರಳು, ಇದ್ದಿಲು ಹಾಕಿದರೆ ನೀರು ಶುದ್ಧ ಎಂದು ರಿಪೋರ್ಟ್‌ನಲ್ಲಿ ಬರೆಯಬೇಡಿ. ಅದು ಕಸ, ಕೆಸರು ತಡೆಯುತ್ತದೆ, ರೋಗಾಣುವನ್ನಲ್ಲ. ದೊಡ್ಡ ತೊಟ್ಟಿಗೆ ಪದೇಪದೇ ಕ್ಲೋರಿನ್ ಹಾಕುವುದಕ್ಕಿಂತ ದಿನಬಳಕೆಗೆ 500 ಲೀಟರಿನ ಚಿಕ್ಕ ಟ್ಯಾಂಕ್ ಇಡಿ. ಲೀಟರಿಗೆ 2 ಮಿ.ಗ್ರಾಂ ಕ್ಲೋರಿನ್ ಲೆಕ್ಕದಲ್ಲಿ 25% ಬ್ಲೀಚಿಂಗ್ ಪೌಡರ್ 4 ಗ್ರಾಂ ಬೇಕು. ಬಕೆಟ್‌ನಲ್ಲಿ ಕಲಸಿ, ತಿಳಿಯನ್ನು ಮಾತ್ರ ಸುರಿದು, ಅರ್ಧ ಗಂಟೆ ಬಿಟ್ಟು ನಲ್ಲಿಯ ನೀರಿನಲ್ಲಿ ಲೀಟರಿಗೆ 0.2 ಮಿ.ಗ್ರಾಂ ಕ್ಲೋರಿನ್ ಉಳಿದಿದೆಯೇ ನೋಡಿ. ಬಾಯಿ ಬಿಚ್ಚಿಟ್ಟ ಪೌಡರ್ ಸತ್ವ ಕಳೆದುಕೊಳ್ಳುತ್ತದೆ. ಮಿಶ್ರಣವನ್ನೂ ಈ ಟ್ಯಾಂಕಿನಲ್ಲೇ ಮಾಡಿ: ಮೂರನೇ ಒಂದು ಭಾಗಕ್ಕೆ ಗೆರೆ ಎಳೆದು, ಅಲ್ಲಿಯವರೆಗೆ ಬೋರ್‌ವೆಲ್ ನೀರು, ಮೇಲಕ್ಕೆ ಮಳೆನೀರು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ಇದನ್ನು ಮಕ್ಕಳಿಗೂ ಹೇಳಿ.

ಎಸ್‌ಡಿಎಂಸಿ ಕಡೆಯಿಂದ

ಬೀಗದ ಕೈ ಯಾರ ಹತ್ತಿರ ಎಂಬುದನ್ನೂ ಡಿಸೈನ್‌ನಲ್ಲಿ ಬರೆಯಿರಿ. ದಿನವೂ ಶಾಲೆಯಲ್ಲಿ ನೀರು ಮುಟ್ಟುವವರು ಬಿಸಿಯೂಟದ ಅಡುಗೆಯಮ್ಮಂದಿರು. ನಲ್ಲಿಯ ಎತ್ತರ, ಗೆರೆಯ ಜಾಗ, ಅಳತೆ ಚಮಚ ಅವರನ್ನೇ ಕೇಳಿ ಇಡಿ. ಮಳೆ ಬರುವ ಹೊತ್ತಿಗೆ ನಿಮ್ಮ ಪರೀಕ್ಷೆ ಮುಗಿದು ನೀವು ಊರಿನಲ್ಲಿ ಇರುವುದಿಲ್ಲ. ಆದ್ದರಿಂದ ಮಾರ್ಚ್‌ನಲ್ಲೇ ಟ್ಯಾಂಕರ್ ನೀರು ತರಿಸಿ ತಾರಸಿಗೆ ಬಿಟ್ಟು ಸೋರಿಕೆ ನೋಡಿ. ತೊಟ್ಟಿ ತುಂಬಿಸಿ ಒಂದು ವಾರ ಬಿಟ್ಟು, ಮುಂದಿನ ವಾರ ದಿನವೂ ಮಟ್ಟ ಬರೆಯಿರಿ. ತಾರಸಿ ಗುಡಿಸುವ, ತಿರುಪು ಮುಚ್ಚಳ ಬಿಚ್ಚುವ, ಮರಳು ತೊಳೆಯುವ ಕ್ರಮವನ್ನು ಚಿತ್ರಸಮೇತ ತೊಟ್ಟಿಯ ಗೋಡೆಯ ಮೇಲೆ ಪೇಂಟ್‌ನಲ್ಲಿ ಬರೆಸಿ. ಕಾಗದದಲ್ಲಿ ಕೊಟ್ಟರೆ ಬೀರು ಸೇರುತ್ತದೆ. ಎರಡು ಬಿಡಿ ನಲ್ಲಿ, ಹತ್ತು ಡ್ರಿಪ್ಪರ್, ಪೈಪ್ ಅಂಟಿಸುವ ಸಾಲ್ವೆಂಟ್ ಒಂದು ಡಬ್ಬಿ ಮುಖ್ಯ ಶಿಕ್ಷಕರ ಕೈಗೆ ಕೊಟ್ಟು ಸಹಿ ಪಡೆಯಿರಿ.