ಯಕ್ಷಗಾನದ ರಾತ್ರಿ ಫೋಟೋಗೆ ಫುಲ್ ಫ್ರೇಮ್ ಮಿರರ್‌ಲೆಸ್: ನಿಕಾನ್‌ನಲ್ಲೇ ಉಳಿಯುವುದೋ, ಮೌಂಟ್ ಬದಲಿಸುವುದೋ?

ಬಯಲಾಟ_ಕುಂದಾಪುರ:

ನಮಸ್ಕಾರ. ನಿಕಾನ್ ಡಿ750 (ಒಳಗೆ ಕನ್ನಡಿ ಇರುವ ಡಿಎಸ್‌ಎಲ್‌ಆರ್) ಬಿಟ್ಟು ಕನ್ನಡಿ ಇಲ್ಲದ ಮಿರರ್‌ಲೆಸ್‌ಗೆ ಹೋಗಬೇಕೆಂದಿದ್ದೇನೆ. ಕೈಯಲ್ಲಿರುವ ಲೆನ್ಸ್‌ಗಳು ಎಎಫ್-ಎಸ್ 24-120 ಎಫ್/4 ವಿಆರ್, ಎಎಫ್ 50 ಎಫ್/1.8 ಡಿ, ಮತ್ತೆ ಎರಡು ರಿಂಗಿನ ಹಳೇ ಎಎಫ್ 80-200 ಎಫ್/2.8 ಡಿ. ಮುಕ್ಕಾಲು ಪಾಲು ಕೆಲಸ ಯಕ್ಷಗಾನದ್ದು. ರಂಗಸ್ಥಳದಿಂದ 5ರಿಂದ 12 ಮೀಟರ್ ದೂರ ಕೂತು ತೆಗೆಯುವುದು, ನಡುನಡುವೆ ಚೌಕಿ (ವೇಷ ಕಟ್ಟುವ ಜಾಗ). ಉಳಿದದ್ದು ಮದುವೆ, ಗೃಹಪ್ರವೇಶ. ಈಗ ಎಫ್/2.8, 1/320, ಐಎಸ್‌ಒ 6400ರ ಆಸುಪಾಸಿನಲ್ಲಿ ನಡೆಯುತ್ತಿದೆ.

ಬಾಡಿ, ಲೆನ್ಸ್, ಅಡಾಪ್ಟರ್ ಎಲ್ಲ ಸೇರಿ ಮೂರು ಲಕ್ಷದೊಳಗೆ ಮುಗಿಯಬೇಕು. ನಿಕಾನ್ ಝಡ್5 ಟು, ಝಡ್6 ತ್ರೀ, ಸೋನಿ ಎ7 ಫೋರ್, ಕ್ಯಾನನ್ ಆರ್6 ಮಾರ್ಕ್ ಟು ನೋಡಿದ್ದೇನೆ. ಕೇಳಬೇಕಾದ್ದು ಮೂರು. ಈ ಲೆನ್ಸ್‌ಗಳು ಹಳೇ ನಿಕಾನ್ ಲೆನ್ಸನ್ನು ಝಡ್ ಬಾಡಿಗೆ ಜೋಡಿಸುವ ಎಫ್‌ಟಿಝಡ್ ಅಡಾಪ್ಟರ್‌ನಲ್ಲಿ ಪೂರ್ತಿ ಕೆಲಸ ಮಾಡುತ್ತವೆಯೇ? ಹೆಚ್ಚು ಐಎಸ್‌ಒದಲ್ಲಿ ಯಾವ ಬಾಡಿ ಮೇಲು? ಚೆಂಡೆ ನಿಂತು ಅರ್ಥಗಾರಿಕೆ (ವೇಷಗಳ ಮಾತು) ಶುರುವಾದಾಗ ಶಟರ್ ಸದ್ದು ಅಕ್ಕಪಕ್ಕದವರಿಗೆ ಕಿರಿಕಿರಿ. ಎಲ್‌ಇಡಿ ಬೆಳಕಿನಲ್ಲಿ ಸೈಲೆಂಟ್ ಶಟರ್ ನಂಬಬಹುದೇ?

ಮೌಂಟ್_ಮಾಹಿತಿ:

ಮೊದಲು ಬೇಸರದ ವಿಷಯವನ್ನೇ ಹೇಳಿಬಿಡುತ್ತೇನೆ. ನಿಮ್ಮ ಮೂರು ಲೆನ್ಸ್‌ಗಳಲ್ಲಿ ಎಫ್‌ಟಿಝಡ್ ಮೇಲೆ ಆಟೋಫೋಕಸ್ ಆಗುವುದು 24-120 ಒಂದೇ. 50 ಮತ್ತು 80-200 ಎರಡೂ 'ಡಿ' ಲೆನ್ಸ್. ಅವುಗಳೊಳಗೆ ಮೋಟರ್ ಇಲ್ಲ. ಡಿ750ರಿಂದ ಲೆನ್ಸ್ ಬಿಚ್ಚಿ ಬಾಡಿಯ ಮೌಂಟ್ (ಲೆನ್ಸ್ ಕೂರುವ) ಬಳೆಯನ್ನು ನೋಡಿ: ಚಪ್ಪಟೆ ತುದಿಯ ಸಣ್ಣ ಲೋಹದ ಕಡ್ಡಿ ಒಂದು ಹೊರಗೆ ಇಣುಕುತ್ತಿರುತ್ತದೆ. ಲೆನ್ಸ್ ಹಿಂಭಾಗದಲ್ಲಿ ಅದಕ್ಕೆ ಹೊಂದುವ ಸೀಳಿರುವ ತಿರುಪು. ಬಾಡಿಯ ಮೋಟರ್ ಈ ಕಡ್ಡಿಯನ್ನು ತಿರುಗಿಸಿದರೆ ಲೆನ್ಸ್ ಫೋಕಸ್ ಆಗುತ್ತದೆ. ಎಫ್‌ಟಿಝಡ್‌ನಲ್ಲಾಗಲಿ, ಎಫ್‌ಟಿಝಡ್ ಟುನಲ್ಲಾಗಲಿ ಆ ಕಡ್ಡಿಯೂ ಇಲ್ಲ, ಮೋಟರೂ ಇಲ್ಲ. ಮೀಟರಿಂಗ್ ನಡೆಯುತ್ತದೆ, ಅಪರ್ಚರ್ ಬಾಡಿಯಿಂದಲೇ ಬದಲಾಗುತ್ತದೆ, ಫೋಕಸ್ ಮಾತ್ರ ಕೈಯಿಂದ. ದಿಗಿಣ ಹೊಡೆಯುವ (ಜಿಗಿದು ಸುತ್ತುವ) ವೇಷವನ್ನು 200 ಎಂಎಂ, ಎಫ್/2.8ರಲ್ಲಿ ಕೈಯಿಂದ ಫೋಕಸ್ ಮಾಡುವ ಆಸೆ ಬೇಡ.

ಅಂದರೆ ನಿಕಾನ್‌ನಲ್ಲಿ ಉಳಿದರೆ ಹಳೇ ಲೆನ್ಸ್ ಉಳಿಯುತ್ತದೆ ಎಂಬ ಲೆಕ್ಕ ನಿಮ್ಮ ಮುಖ್ಯ ಲೆನ್ಸಿಗೇ ಅನ್ವಯಿಸುವುದಿಲ್ಲ. ಯಾವ ಕಂಪನಿಗೆ ಹೋದರೂ ಟೆಲಿಝೂಮ್ ಹೊಸದಾಗಿ ಬರಲೇಬೇಕು. ಹಾಗಾಗಿ ಬಾಡಿಯನ್ನು ಪಕ್ಕಕ್ಕಿಟ್ಟು ಮೊದಲು ಆ ಲೆನ್ಸನ್ನು ಆರಿಸಿ.

ಎಷ್ಟು ಉದ್ದ ಬೇಕು ಎನ್ನುವುದಕ್ಕೆ ಸುಲಭ ಲೆಕ್ಕವಿದೆ. ಕ್ಯಾಮೆರಾ ನೆಟ್ಟಗೆ (ಪೋರ್ಟ್ರೇಟ್ ಆಗಿ) ಹಿಡಿದಾಗ ಫುಲ್ ಫ್ರೇಮ್ ಸೆನ್ಸರಿನ ಎತ್ತರ 36 ಎಂಎಂ. 36ನ್ನು ಫೋಕಲ್ ಲೆಂಗ್ತ್‌ನಿಂದ ಭಾಗಿಸಿ ದೂರದಿಂದ ಗುಣಿಸಿ. 12 ಮೀಟರ್ ದೂರ, 180 ಎಂಎಂ: 2.4 ಮೀಟರ್. ಕಿರೀಟ ಸೇರಿ ನಿಂತ ವೇಷ ಇಷ್ಟರಲ್ಲಿ ಹಿಡಿಯುತ್ತದೆ. 5 ಮೀಟರ್, 70 ಎಂಎಂ: ಸುಮಾರು 2.6 ಮೀಟರ್. ನೀವು ಕೂರುವ ಜಾಗಕ್ಕೆ 70-180 ಸರಿಹೊಂದುತ್ತದೆ, 200ರ ತನಕ ಹೋಗಲೇಬೇಕೆಂದಿಲ್ಲ.

ನಿಕಾನ್ ಝಡ್ 70-180 ಎಫ್/2.8 ತೂಕ 795 ಗ್ರಾಂ. ಝಡ್ 70-200 ಎಫ್/2.8 ಎಸ್ ಕಾಲರ್ ಸೇರಿ 1,440 ಗ್ರಾಂ, ಆದರೆ ಅದು ನಿಮ್ಮ ಬಜೆಟ್ಟನ್ನು ಒಂದೇ ತುತ್ತಿಗೆ ನುಂಗುತ್ತದೆ. 70-180ರಲ್ಲಿ ವಿಆರ್ (ಕೈನಡುಕ ತಡೆಯುವ ವ್ಯವಸ್ಥೆ) ಇಲ್ಲ, ಬಾಡಿಯ ಸ್ಟೆಬಿಲೈಸೇಶನ್ನೇ ಗತಿ. 1/320ರಲ್ಲಿ ತೆಗೆಯುವವರಿಗೆ ಅದೊಂದು ಕೊರತೆಯಲ್ಲ. ಟ್ರೈಪಾಡ್ ಕಾಲರ್ ಇಲ್ಲ. ಇನ್ನೊಂದು ದಾರಿ ಸೆಕೆಂಡ್ ಹ್ಯಾಂಡ್ ಎಎಫ್-ಎಸ್ 70-200 ಎಫ್/2.8 ವಿಆರ್ ಟು ಮತ್ತು ಎಫ್‌ಟಿಝಡ್. ಆಟೋಫೋಕಸ್ ಸರಿಯಾಗಿ ನಡೆಯುತ್ತದೆ. ಆದರೆ ಆ ಲೆನ್ಸಿಗೆ ಒಂದು ಗುಣವಿದೆ: ಹತ್ತಿರ ಫೋಕಸ್ ಮಾಡಿದಷ್ಟೂ ನೋಟ ಅಗಲವಾಗುತ್ತದೆ, 1.4 ಮೀಟರ್‌ನಲ್ಲಿ 200 ಎಂದು ಬರೆದಿದ್ದರೂ ಸಿಗುವುದು 135ರ ಆಸುಪಾಸಿನ ಚಿತ್ರ. ಚೌಕಿಯಲ್ಲಿ ಕಣ್ಣಿಗೆ ಕಾಡಿಗೆ ಹಚ್ಚುವುದನ್ನು ತೆಗೆಯುವಾಗ ಇದು ಗೊತ್ತಾಗುತ್ತದೆ.

ಐಎಸ್‌ಒ ವಿಚಾರಕ್ಕೆ ನಿದ್ದೆಗೆಡಬೇಡಿ. ನೀವು ಹೇಳಿದ ನಾಲ್ಕು ಬಾಡಿಗಳನ್ನು 6400ರಲ್ಲಿ ಒಂದೇ ಅಳತೆಗೆ ಇಳಿಸಿ ನೋಡಿದರೆ ವ್ಯತ್ಯಾಸ ಅರ್ಧ ಸ್ಟಾಪನ್ನೂ ದಾಟುವುದಿಲ್ಲ. ಎಫ್/4ರಿಂದ ಎಫ್/2.8ಕ್ಕೆ ಬಂದರೆ ಪೂರ್ತಿ ಒಂದು ಸ್ಟಾಪ್, ಅಂದರೆ ಬೆಳಕು ಎರಡು ಪಟ್ಟು. ಹಣ ಎಲ್ಲಿ ಹಾಕಬೇಕೆಂದು ಅದೇ ಹೇಳುತ್ತದೆ.

ಇನ್ನು ಬ್ರೋಷರಿನಲ್ಲಿ ಕತ್ತಲೆಯ ಆಟೋಫೋಕಸ್ ಅಂಕಿ ನೋಡಿ ಹೋಲಿಸಬೇಡಿ. ಝಡ್5 ಟು -10 ಇವಿ (ಬೆಳಕಿನ ಅಳತೆ, ಇಳಿದಷ್ಟೂ ಹೆಚ್ಚು ಕತ್ತಲೆ), ಆರ್6 ಮಾರ್ಕ್ ಟು -6.5 ಇವಿ ಎನ್ನುವುದು ಎಫ್/1.2 ಲೆನ್ಸಿನ ಲೆಕ್ಕ. ಎ7 ಫೋರ್ -4 ಇವಿ ಎನ್ನುವುದು ಎಫ್/2 ಲೆನ್ಸಿನದ್ದು. ಅಳತೆಗೋಲೇ ಬೇರೆ ಬೇರೆ.

ಬೆಳಕಿನ_ಲೆಕ್ಕ:

ಸೈಲೆಂಟ್ ಶಟರ್ ಬಗ್ಗೆ ನಾನು ಹೇಳುತ್ತೇನೆ, ಇಲ್ಲಿ ಬಾಡಿಗಳ ನಡುವೆ ನಿಜವಾದ ವ್ಯತ್ಯಾಸ ಉಂಟು.

ನಮ್ಮಲ್ಲಿ ಕರೆಂಟು 50 ಹರ್ಟ್ಸ್. ಅಗ್ಗದ ಎಲ್‌ಇಡಿ ಫ್ಲಡ್‌ಲೈಟು, ಟ್ಯೂಬು ಸೆಕೆಂಡಿಗೆ 100 ಸಲ ಮಂಕಾಗಿ ಮತ್ತೆ ಹೊಳೆಯುತ್ತವೆ. ಸೈಲೆಂಟ್ ಶಟರ್‌ನಲ್ಲಿ ಸೆನ್ಸರ್ ಒಂದೊಂದೇ ಸಾಲನ್ನು ಓದುತ್ತಾ ಹೋಗುತ್ತದೆ. ಪೂರ್ತಿ ಓದಿ ಮುಗಿಸಲು ಎ7 ಫೋರ್‌ಗೆ ಸುಮಾರು 1/15 ಸೆಕೆಂಡ್, ಝಡ್5 ಟುಗೆ ಸುಮಾರು 1/20, ಝಡ್6 ತ್ರೀ ಮತ್ತು ಆರ್6 ಮಾರ್ಕ್ ಟುಗೆ ಸುಮಾರು 1/70 ಬೇಕು. 1/15 ಸೆಕೆಂಡಿನಲ್ಲಿ ಬೆಳಕು ಆರೇಳು ಸಲ ಏರಿಳಿಯುತ್ತದೆ, ಚಿತ್ರದಲ್ಲಿ ಆರೇಳು ಕಪ್ಪು ಪಟ್ಟಿ ಬೀಳುತ್ತದೆ. ಕ್ಯಾಮೆರಾ ನೆಟ್ಟಗೆ ಹಿಡಿದಿದ್ದರೆ ಪಟ್ಟಿಯೂ ನೆಟ್ಟಗೆ, ಮುಖದ ಮೇಲೇ ಬಂದು ಕೂರುತ್ತದೆ. ಇದನ್ನು ಆಮೇಲೆ ಕಂಪ್ಯೂಟರಿನಲ್ಲಿ ಸರಿಮಾಡುವುದು ದೊಡ್ಡ ತಲೆನೋವು.

ತಪ್ಪಿಸುವ ಉಪಾಯ ಸರಳ. ಶಟರನ್ನು 1/100 ಅಥವಾ 1/50ಕ್ಕೆ ಇಡಿ. ಆಗ ಪ್ರತಿ ಸಾಲಿಗೂ ಬೆಳಕಿನ ಒಂದು ಪೂರ್ತಿ ಸುತ್ತು ಸಿಗುತ್ತದೆ, ರೀಡ್‌ಔಟ್ (ಸೆನ್ಸರ್ ಓದುವುದು) ಎಷ್ಟೇ ನಿಧಾನವಿದ್ದರೂ ಪಟ್ಟಿ ಇಲ್ಲ. 1/125 ಇಟ್ಟರೆ ತೆಳುವಾಗಿ ಶುರುವಾಗುತ್ತದೆ, 1/320ರಲ್ಲಿ ಢಾಳಾಗಿ ಕಾಣುತ್ತದೆ. ಅರ್ಥಗಾರಿಕೆಯ ಹೊತ್ತಿಗೆ ವೇಷ ಹೆಚ್ಚು ಚಲಿಸುವುದಿಲ್ಲ, 1/100 ಸಾಕು. ಸದ್ದು ಬೇಡವಾದ ಹೊತ್ತೂ ಅದೇ. ಕುಣಿತ ಶುರುವಾದರೆ ಚೆಂಡೆಯ ಅಬ್ಬರದಲ್ಲಿ ಶಟರ್ ಸದ್ದು ಯಾರಿಗೂ ಕೇಳದು, ಮೆಕ್ಯಾನಿಕಲ್ ಶಟರ್‌ಗೆ ಬನ್ನಿ. ಈ ಎರಡನ್ನೂ ಯೂಸರ್ ಸೆಟ್ಟಿಂಗ್‌ನಲ್ಲಿ ಉಳಿಸಿಟ್ಟುಕೊಂಡರೆ ಡಯಲ್ ತಿರುಗಿಸಿದರೆ ಮುಗಿಯಿತು.

ಮೆಕ್ಯಾನಿಕಲ್ ಶಟರ್ ಇದ್ದರೂ ಪೂರ್ತಿ ಕ್ಷೇಮ ಅಂತಲ್ಲ. ಪರದೆ ಸೆನ್ಸರನ್ನು ದಾಟಲು ಹತ್ತಿರ ಹತ್ತಿರ 1/250 ಸೆಕೆಂಡ್ ಹಿಡಿಯುತ್ತದೆ. 1/500ರಲ್ಲಿ ಫ್ರೇಮಿನ ಒಂದು ಅಂಚು ಬೆಳಗಿ ಇನ್ನೊಂದು ಮಂಕಾಗಬಹುದು, ಒಂದು ಚಿತ್ರ ಹಳದಿ, ಮುಂದಿನದು ಕಂದು ಬರಬಹುದು. ಅದಕ್ಕೇ ಫ್ಲಿಕರ್ ರಿಡಕ್ಷನ್ ಇರುವುದು. ಬೆಳಕು ತುದಿಗೇರಿದ ಕ್ಷಣಕ್ಕೆ ಕಾದು ಶಟರ್ ಬಿಡುತ್ತದೆ. ಸಾಮಾನ್ಯವಾಗಿ ಮೆಕ್ಯಾನಿಕಲ್ ಶಟರ್‌ನಲ್ಲಿ ಮಾತ್ರ ಸಿಗುತ್ತದೆ, ಬರ್ಸ್ಟ್ ವೇಗ ಸ್ವಲ್ಪ ಕುಗ್ಗುತ್ತದೆ.

ಬಣ್ಣ ಬದಲಿಸುವ ಎಲ್‌ಇಡಿ ಪಾರ್‌ಲೈಟು, ಎಲ್‌ಇಡಿ ಪರದೆ ಇದ್ದರೆ ಮಿನುಗು ಸೆಕೆಂಡಿಗೆ ನೂರಾರು, ಸಾವಿರಾರು ಸಲ. ಅಲ್ಲಿ 1/100ರ ಸೂತ್ರ ಬೇಕಾಗುವುದೇ ಇಲ್ಲ, ಆದರೆ ಹೆಚ್ಚಿನ ಶಟರ್‌ನಲ್ಲಿ ಸಣ್ಣ ಸಣ್ಣ ಗೆರೆ ಬರುತ್ತದೆ. ಝಡ್6 ತ್ರೀ, ಆರ್6 ಮಾರ್ಕ್ ಟುಗಳಲ್ಲಿ ಶಟರನ್ನು ತೀರಾ ಸಣ್ಣ ಹೆಜ್ಜೆಯಲ್ಲಿ ಬದಲಿಸಿ ಆ ಗೆರೆಗಳನ್ನು ಮಾಯ ಮಾಡುವ ಸೌಲಭ್ಯ ಉಂಟು. ಯಾವ ಬೆಳಕು ಎಂದು ಆಟ ಶುರುವಾಗುವ ಮೊದಲೇ ತಿಳಿಯಬೇಕಾದರೆ ಸೈಲೆಂಟ್ ಶಟರ್, 1/1000 ಇಟ್ಟು ರಂಗಸ್ಥಳದ ಹಿಂದಿನ ಪರದೆಯ ಒಂದು ಫೋಟೋ ತೆಗೆಯಿರಿ. ಝಡ್5 ಟುನಲ್ಲಿ ಐದು ದಪ್ಪ ಪಟ್ಟಿ ಬಂದರೆ 100 ಹರ್ಟ್ಸ್. ಬಾಚಣಿಗೆಯ ಹಲ್ಲಿನಂತೆ ಒತ್ತೊತ್ತಾಗಿ ಬಂದರೆ ಎರಡನೇ ಜಾತಿ.

ಇನ್ನೊಂದು ಮಾತು. ಕೆಂಪು ಬೆಳಕಿನಲ್ಲಿ ಕೆಂಪು ಅಂಗಿಯ ವೇಷ ಬಂದಾಗ ಸಾಮಾನ್ಯ ಹಿಸ್ಟೋಗ್ರಾಮ್ ನಂಬಬೇಡಿ. ಕೆಂಪು, ಹಸಿರು, ನೀಲಿ ಬೇರೆ ಬೇರೆ ತೋರಿಸುವ ಆರ್‌ಜಿಬಿ ಹಿಸ್ಟೋಗ್ರಾಮ್ ಹಾಕಿ, ಕೆಂಪು ಬಲತುದಿಗೆ ಬಡಿಯದಂತೆ ಎಕ್ಸ್‌ಪೋಶರ್ ಇಳಿಸಿ. ಕೆಂಪು ಚಾನೆಲ್ ಒಮ್ಮೆ ಹಾರಿದರೆ ಬಟ್ಟೆಯ ನೆರಿಗೆ, ಅಂಚಿನ ಕುಸುರಿ ರಾ ಫೈಲಿನಿಂದಲೂ ಹಿಂದೆ ಬರುವುದಿಲ್ಲ.

ಒಂದೇ_ಲೆನ್ಸ್:

ಮೌಂಟ್_ಮಾಹಿತಿಯವರ ಲೆಕ್ಕ ಒಪ್ಪುತ್ತೇನೆ, ತೀರ್ಮಾನ ಪೂರ್ತಿ ಒಪ್ಪುವುದಿಲ್ಲ. ಹೇಗಿದ್ದರೂ ಟೆಲಿಝೂಮ್ ಹೊಸದು ಅಂತಾದ ಮೇಲೆ ಸೋನಿಯನ್ನು ಬದಿಗೆ ಸರಿಸುವುದೇಕೆ? ಟ್ಯಾಮ್ರಾನ್, ಸಿಗ್ಮಾ ಲೆನ್ಸ್‌ಗಳು ಸೋನಿಯ ಇ ಮೌಂಟಿಗೆ ಇರುವಷ್ಟು ಬೇರೆಲ್ಲೂ ಇಲ್ಲ. ಸೆಕೆಂಡ್ ಹ್ಯಾಂಡ್ ಆಯ್ಕೆಯೂ ಹೆಚ್ಚು. ಕ್ಯಾನನ್ ಬೇಡ ಎನ್ನಲು ಕಾರಣವೂ ಇದೇ. 2024ರಲ್ಲಿ ಸಿಗ್ಮಾ, ಟ್ಯಾಮ್ರಾನ್ ಕ್ಯಾನನ್‌ನ ಆರ್‌ಎಫ್ ಮೌಂಟಿಗೆ ಬಂದದ್ದು ಎಪಿಎಸ್-ಸಿ (ಸಣ್ಣ ಸೆನ್ಸರಿನ) ಲೆನ್ಸ್‌ಗಳೊಂದಿಗೆ. ಬಾಡಿ ಚೆನ್ನಾಗಿದೆ, ಆದರೆ ನಿಮ್ಮ ಬಜೆಟ್ಟಿಗೆ ಲೆನ್ಸ್ ಕಟ್ಟುವುದು ಕಷ್ಟ.

ನಿಮ್ಮ ಕೆಲಸಕ್ಕೆ ನನ್ನ ಆಯ್ಕೆ ಟ್ಯಾಮ್ರಾನ್ 35-150 ಎಫ್/2-2.8. 35ರಲ್ಲಿ ಎಫ್/2, 85ರ ಹೊತ್ತಿಗೆ ಎಫ್/2.8. ಚೌಕಿಯೂ ಅದರಲ್ಲೇ, ರಂಗಸ್ಥಳವೂ ಅದರಲ್ಲೇ, ಮದುವೆಯ ಧಾರೆಯೂ ಅದರಲ್ಲೇ. ಕತ್ತಲೆಯಲ್ಲಿ, ಧೂಳಿನ ಗದ್ದೆಯಲ್ಲಿ ಲೆನ್ಸ್ ಬದಲಿಸುವ ಗೋಳಿಲ್ಲ. ದೋಷ ಮುಚ್ಚಿಡುವುದಿಲ್ಲ: 1,165 ಗ್ರಾಂ ತೂಕ, 82 ಎಂಎಂ ಫಿಲ್ಟರ್, ಒಳಗೆ ಸ್ಟೆಬಿಲೈಸೇಶನ್ ಇಲ್ಲ. 12 ಮೀಟರ್‌ನಲ್ಲಿ 150 ಎಂಎಂ ಹಿಡಿದರೆ 2.9 ಮೀಟರ್ ಎತ್ತರ ಬರುತ್ತದೆ, ಸ್ವಲ್ಪ ಕ್ರಾಪ್ ಬೇಕು. ಎ7 ಫೋರ್‌ನ 33 ಮೆಗಾಪಿಕ್ಸೆಲ್ ಅದಕ್ಕೆ ಆಗಿಬರುತ್ತದೆ. ಅದರಲ್ಲಿ ಸೆಕೆಂಡಿಗೆ 10 ಫ್ರೇಮ್ ಸಿಗುವುದು ಕಂಪ್ರೆಸ್ಡ್ ರಾ ಇಟ್ಟಾಗ ಮಾತ್ರ. ಲಾಸ್‌ಲೆಸ್ ಇಟ್ಟರೆ ಆರರ ಆಸುಪಾಸು.

ಮೌಂಟ್_ಮಾಹಿತಿ:

ಸರ್, ಆ 35-150 ಝಡ್ ಮೌಂಟಿಗೂ ಬರುತ್ತದೆ! ಅಷ್ಟೇ ಅಲ್ಲ, ಸೋನಿ ಇ ಮೌಂಟಿನ ಫ್ಲಾಂಜ್ ದೂರ (ಮೌಂಟಿನಿಂದ ಸೆನ್ಸರಿನ ಅಂತರ) 18 ಎಂಎಂ, ನಿಕಾನ್ ಝಡ್‌ನದು 16. ಈ 2 ಎಂಎಂ ಸಂದಿಯಲ್ಲೇ ಕೂರುವ ಮೆಗಾಡ್ಯಾಪ್ ಅಡಾಪ್ಟರ್‌ನಿಂದ ಇ ಮೌಂಟ್ ಲೆನ್ಸನ್ನು ಝಡ್ ಬಾಡಿಯಲ್ಲಿ ಆಟೋಫೋಕಸ್ ಸಮೇತ ಬಳಸಬಹುದು. ತಿರುಗಿಸಿ ಝಡ್ ಲೆನ್ಸನ್ನು ಸೋನಿಗೆ ಹಾಕಲಾಗದು. 24-120 ಉಳಿಯುತ್ತದೆ, ಡಿ750ರ ಬ್ಯಾಟರಿಯ ಕುಟುಂಬವೂ ಒಂದೇ. ಈ ಎರಡು ಕಾರಣಕ್ಕೆ ನಾನು ಝಡ್ ಅನ್ನುವುದು.

ಬ್ಯಾಟರಿ ಮಾತು ಬಂತಲ್ಲ, ಡಿ750 ಒಂದು ಚಾರ್ಜಿಗೆ 1,230 ಚಿತ್ರದ ಲೆಕ್ಕದ್ದು. ಝಡ್5 ಟು ಅದರ ಮೂರನೇ ಒಂದು ಪಾಲಿಗಿಂತಲೂ ಕಡಿಮೆ. ಬರ್ಸ್ಟ್‌ನಲ್ಲಿ ಹೆಚ್ಚು ಬರುತ್ತದೆ ನಿಜ, ಆದರೆ ಬೆಳಗಿನವರೆಗಿನ ಆಟಕ್ಕೆ ಮೂರು ಬ್ಯಾಟರಿ ಇರಲಿ.

ಬಯಲಾಟ_ಕುಂದಾಪುರ:

ತುಂಬಾ ಉಪಕಾರವಾಯಿತು. 'ಡಿ' ಲೆನ್ಸಿನ ವಿಷಯ ಗೊತ್ತಿಲ್ಲದೆ ಅಡಾಪ್ಟರ್‌ಗೆ ದುಡ್ಡು ಹಾಕುವವನಿದ್ದೆ. ಈಗಿನ ಯೋಚನೆ: ಝಡ್5 ಟು, ಝಡ್ 70-180, 24-120ಗೆ ಎಫ್‌ಟಿಝಡ್ ಟು, ಹಣ ಉಳಿದರೆ ಚೌಕಿಗೆ ಝಡ್ 40 ಎಫ್/2. ಎರಡು ಸಂಶಯ ಉಳಿದಿವೆ. ಬಣ್ಣದ ವೇಷದ (ರಾಕ್ಷಸ ಪಾತ್ರದ) ಚುಟ್ಟಿ ಇಟ್ಟ ಮುಖವನ್ನು ಕಣ್ಣು ಗುರುತಿಸುವ ಐ ಡಿಟೆಕ್ಷನ್ ಹಿಡಿಯದಿದ್ದರೆ ಏನು ಮಾಡುವುದು? ಮತ್ತೆ 70-180 ಝೂಮ್ ಮಾಡಿದಾಗ ಮುಂದಕ್ಕೆ ಬರುತ್ತದಲ್ಲ, ನಮ್ಮ ಕರಾವಳಿಯ ತೇವಕ್ಕೆ ಫಂಗಸ್ ಭಯ ಇಲ್ಲವೇ?

ಬೆಳಕಿನ_ಲೆಕ್ಕ:

ಸ್ತ್ರೀವೇಷ, ಪುಂಡುವೇಷಕ್ಕೆ (ತರುಣ ವೀರರ ಪಾತ್ರ) ಐ ಡಿಟೆಕ್ಷನ್ ಸಾಕು. ಬಣ್ಣದ ವೇಷದಲ್ಲಿ ಬಿಳಿ ಚುಟ್ಟಿಯ ಮುಳ್ಳುಗಳ ನಡುವೆ ಕಣ್ಣು ಹುದುಗಿ, ಚೌಕಟ್ಟು ಕಿರೀಟಕ್ಕೋ ಹಿಂದೆ ಕೂತ ಭಾಗವತರ ಮುಖಕ್ಕೋ ಜಿಗಿಯಬಹುದು. ಒಂದು ಬಟನ್‌ಗೆ ಸಿಂಗಲ್ ಪಾಯಿಂಟ್ ಎಎಫ್ ಕೊಟ್ಟಿಟ್ಟುಕೊಳ್ಳಿ. ಅದನ್ನು ಒತ್ತಿ ಹಿಡಿದು ಹುಬ್ಬಿನ ಕಪ್ಪು ಮತ್ತು ಚುಟ್ಟಿಯ ಬಿಳಿ ಸೇರುವ ಗೆರೆಗೆ ಪಾಯಿಂಟ್ ಇಟ್ಟರೆ ಅಲ್ಲಾಡದೆ ನಿಲ್ಲುತ್ತದೆ, ಕಾಂಟ್ರಾಸ್ಟ್ ಅಷ್ಟು ಇರುತ್ತದೆ.

ಲೆನ್ಸ್_ಬಿಚ್ಚುವವರು:

ಫಂಗಸ್ ಬರುವುದು ಆಟದ ರಾತ್ರಿಯಲ್ಲಲ್ಲ ಮಾರಾಯ್ರೆ, ಮಳೆಗಾಲಕ್ಕೆ ಮುಂಚೆ ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚಿ ತಿರುಗಾಟ ನಿಲ್ಲಿಸಿದ ಮೇಲೆ. ಮಳೆಗಾಲ ಪೂರ್ತಿ ಲೆನ್ಸ್ ಬ್ಯಾಗಿನಲ್ಲೇ ಮಲಗಿರುತ್ತದಲ್ಲ, ಆಗ. ಬ್ಯಾಗಿನ ಸ್ಪಂಜು ತೇವ ಹಿಡಿದಿಡುತ್ತದೆ. ಚರ್ಮದ ಕೇಸ್ ಇನ್ನೂ ಕೆಟ್ಟದ್ದು.

ಡ್ರೈ ಕ್ಯಾಬಿನೆಟ್ ತೆಗೆದುಕೊಂಡರೆ 40ರಿಂದ 50 ಶೇಕಡಾ ತೇವಾಂಶಕ್ಕೆ ಇಡಿ. ತೀರಾ ಒಣಗಿಸುವುದೂ ಒಳ್ಳೆಯದಲ್ಲ, ರಬ್ಬರು ಮತ್ತು ಒಳಗಿನ ಗ್ರೀಸಿಗೆ ಹಾನಿ. ಬಜೆಟ್ ಮುಗಿದಿದ್ದರೆ ರಬ್ಬರ್ ಅಂಚಿನ, ಗಾಳಿಯಾಡದ ಅಡುಗೆಮನೆಯ ಡಬ್ಬಿ, ಸಣ್ಣ ಹೈಗ್ರೋಮೀಟರ್, ಅರ್ಧ ಕಿಲೋ ಕಿತ್ತಳೆ ಬಣ್ಣದ ಸಿಲಿಕಾ ಜೆಲ್. ಜೆಲ್ ಹಸಿರಿಗೆ ತಿರುಗಿದರೆ ಓವನ್‌ನಲ್ಲಿ 120 ಡಿಗ್ರಿಗೆ ಎರಡು ಗಂಟೆ ಇಟ್ಟು ಒಣಗಿಸಿ, ಪೂರ್ತಿ ತಣಿದ ಮೇಲೆ ಡಬ್ಬಿಗೆ ಹಾಕಿ. ಬಿಸಿಯಿದ್ದಾಗ ಹಾಕಬೇಡಿ.

70-180ರ ಕೊಳವೆ ಹೊರಗೆ ಬಂದಾಗ ಗಾಳಿ ಒಳಗೆ ಹೋಗುವುದು ಖಂಡಿತ. ಇಬ್ಬನಿಯಲ್ಲಿ ಕೆಲಸ ಮುಗಿದ ಮೇಲೆ ಕೊಳವೆಯನ್ನು ಪೂರ್ತಿ ಹೊರಗೆಳೆದು ಒಣ ಬಟ್ಟೆಯಿಂದ ಒರೆಸಿ, ಆಮೇಲೆಯೇ ಒಳಗೆ ತಳ್ಳಿ. ಒದ್ದೆ ಕೊಳವೆಯನ್ನು ಹಾಗೇ ಒಳಗೆ ಸರಿಸಿದರೆ ನೀರನ್ನು ನೀವೇ ಒಳಗೆ ಕಳಿಸಿದಂತೆ. ಎಸಿ ಕಾರಿನಿಂದ ಇಳಿಸುವಾಗ ಕ್ಯಾಮೆರಾ ಅರ್ಧ ಗಂಟೆ ಜಿಪ್ ಚೀಲದಲ್ಲೇ ಇರಲಿ, ಗಾಜಿನ ಮೇಲೆ ಬೆವರುವುದಿಲ್ಲ.

ಹಳೇ 80-200 ಮಾರುವ ಮೊದಲು ನೀವೇ ಒಮ್ಮೆ ಪರೀಕ್ಷಿಸಿ. ಅಪರ್ಚರ್ ರಿಂಗನ್ನು ಎಫ್/2.8ಕ್ಕೆ ತಿರುಗಿಸಿ ಬ್ಲೇಡ್ ಪೂರ್ತಿ ತೆರೆಯಿರಿ, ಮೊಬೈಲ್ ಟಾರ್ಚನ್ನು ಹಿಂದಿನಿಂದ ಓರೆಯಾಗಿ ಹಾಯಿಸಿ ಮುಂದಿನಿಂದ ನೋಡಿ. ಧೂಳು ಚುಕ್ಕಿಯಾಗಿ ಕಾಣುತ್ತದೆ, ಫಂಗಸ್ ಜೇಡರ ಬಲೆಯ ಎಳೆಯಂತೆ ಕವಲೊಡೆದಿರುತ್ತದೆ. ಹಾಗೇನಾದರೂ ಕಂಡರೆ ಹೊಸ ಲೆನ್ಸ್ ಇಡುವ ಡಬ್ಬಿಯಲ್ಲಿ ಅದನ್ನು ಇಡಬೇಡಿ.