‘ರೋಗಿಯ ಅನುಭವ’, ‘ಪುನರ್ವಸತಿ’: ಫಲಕಕ್ಕೆ ಯಾವ ಪದ?

ಪ್ರಶ್ನೆ (ಧಾರವಾಡ):
ಮಾನ್ಯರೇ, ಇಲ್ಲಿನ ಆಸ್ಪತ್ರೆಯೊಂದರ ಫಿಜಿಯೋಥೆರಪಿ ವಿಭಾಗಕ್ಕಾಗಿ ಒಂದು ಫಲಕವನ್ನೂ ಪ್ರಶ್ನಾವಳಿಯನ್ನೂ ಕನ್ನಡಿಸುತ್ತಿದ್ದೇನೆ. ಸೋಮವಾರ ಅಚ್ಚಿಗೆ ಕೊಡಬೇಕು. ಪಾರ್ಶ್ವವಾಯುವಿನಿಂದ ಚೇತರಿಸಿಕೊಳ್ಳುತ್ತಿರುವವರಿಗೆ ತೃಪ್ತಿಯಾಯಿತೇ ಎಂದು ಕೇಳುವ ಹಾಳೆ ಇದಲ್ಲ. ಎಷ್ಟು ಹೊತ್ತು ಕಾಯಿಸಿದರು, ವ್ಯಾಯಾಮವನ್ನು ಮನೆಯವರಿಗೂ ತೋರಿಸಿಕೊಟ್ಟರೇ, ಮೊದಲು ಯಾವ ಕೆಲಸ ಮಾಡುವಂತಾಗಬೇಕೆಂದು ನಿಮ್ಮನ್ನೇ ಕೇಳಿದರೇ ಎಂದು ನಡೆದದ್ದನ್ನು ವಿಚಾರಿಸಿ, ಆ ಉತ್ತರಗಳ ಮೇಲೆ ಆರೈಕೆಯನ್ನು ತಿದ್ದಿಕೊಳ್ಳುವ ಹಾಳೆ. ‘ರೋಗಿಯ ಅನುಭವ’ ಎಂಬ ಶೀರ್ಷಿಕೆಯನ್ನು ಓದಿ ಹೇಳಿದಾಗ ಹಿರಿಯರೊಬ್ಬರು ಬಲಗೈಯಿಂದ ಎಡಗೈಯನ್ನು ಎತ್ತಿ ತೋರಿಸಿ, “ಅನುಭವ ಏನ ಕೇಳ್ತೀರಿ, ಅನುಭವಸಾಕ ಹತ್ತೇನಲ್ಲ” ಎಂದರು. ಫಲಕದ ‘ಪುನರ್ವಸತಿ’ ಎಂಬ ಪದವನ್ನು ಓದಿದೊಡನೆ ಅವರ ಮಗ, ಇದು ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಿದವರ ಕಡತವೇ ಎಂದು ಕೇಳಿದರು. ಬೇರೆ ಪದಗಳಿದ್ದರೆ ದಯವಿಟ್ಟು ತಿಳಿಸಿ.

ಉತ್ತರ (ಗದಗ):
‘ಪುನರ್ವಸತಿ’ ಹುಟ್ಟಿನಲ್ಲೇ ತಪ್ಪು. ಅದರ ಮೂಲವಾದ ಇಂಗ್ಲಿಷಿನ ‘ರಿಹ್ಯಾಬಿಲಿಟೇಶನ್’ ಬಂದದ್ದು ‘ಶಕ್ತ’ ಎಂಬರ್ಥದ ಲ್ಯಾಟಿನ್ ‘ಹ್ಯಾಬಿಲಿಸ್’ನಿಂದ, ‘ವಾಸಿಸು’ ಎಂಬರ್ಥದ ‘ಹ್ಯಾಬಿಟಾರೆ’ಯಿಂದಲ್ಲ. ಕಾಲು ಸೋತವನಿಗೆ ಮನೆ ಕಟ್ಟಿಕೊಟ್ಟಂತಾಗಿದೆ. ‘ಮರುಬಲ’ ಎಂದು ಬರೆಯಿರಿ. ‘ಅನುಭವ’ಕ್ಕೆ ಅಚ್ಚಗನ್ನಡದ ‘ಕಂಡುಂಡದ್ದು’ ಇದೆ. ಸಂಸ್ಕೃತದ ಎರವಲು ಸಾಕು.

ಉತ್ತರ (ಹಾವೇರಿ):
ಎರವಲು ಒಲ್ಲೆನೆಂದವರು ‘ಬಲ’ವನ್ನು ಎಲ್ಲಿಂದ ತಂದರೋ ತಿಳಿಯದು. ವ್ಯುತ್ಪತ್ತಿ ತಪ್ಪೆಂದು ಪದವನ್ನು ಕೀಳುವುದಾದರೆ ಊರ ಪಂಚಾಯಿತಿಯಲ್ಲಿ ಕೆಲಸ ಮಾಡುವ ‘ಗ್ರಾಮೀಣ ಪುನರ್ವಸತಿ ಕಾರ್ಯಕರ್ತ’ರನ್ನು ಏನೆಂದು ಕರೆಯುತ್ತೀರಿ? ಆಸ್ಪತ್ರೆಯಿಂದ ಮನೆಗೆ ಹೋದವರು ಅಂಗವಿಕಲರ ಸೌಲಭ್ಯಕ್ಕಾಗಿ ಕಾಣಬೇಕಾದದ್ದು ಅವರನ್ನೇ. ಅಲ್ಲೊಂದು ಇಲ್ಲೊಂದು ಹೆಸರಿದ್ದರೆ ತೊಡಕು ರೋಗಿಗೆ, ನಮಗಲ್ಲ. 1992ರ ಕಾಯ್ದೆಯ ‘ಭಾರತೀಯ ಪುನರ್ವಸತಿ ಪರಿಷತ್ತಿ’ನ ಹೆಸರಿನಲ್ಲಿಯೂ ಇದೇ ಪದವಿದೆ. ‘ಪುನರ್ವಸತಿ ಚಿಕಿತ್ಸೆ’ ಎಂದರೆ ಹಿನ್ನೀರಿನ ಗೊಂದಲ ತೀರುತ್ತದೆ. ಶೀರ್ಷಿಕೆಗೆ ನಾಮಪದವೇ ಏಕೆ ಬೇಕು? ‘ಇಲ್ಲಿ ನಿಮ್ಮನ್ನು ಹೇಗೆ ನೋಡಿಕೊಂಡರು?’ ಎಂದು ಬರೆಯಿರಿ.

ಉತ್ತರ (ಗದಗ):
‘ಮರುಕಸುವು’ ಎನ್ನಿ ಹಾಗಾದರೆ. ಸರಕಾರ ಬಳಸಿದ ಮಾತ್ರಕ್ಕೆ ತಪ್ಪು ಸರಿಯಾಗುವುದಿಲ್ಲ.

ಪ್ರಶ್ನೆ ಕೇಳಿದವರು (ಧಾರವಾಡ):
ಇಬ್ಬರಿಗೂ ಧನ್ಯವಾದಗಳು. ಫಲಕಕ್ಕೆ ‘ಪುನರ್ವಸತಿ ಚಿಕಿತ್ಸೆ’ಯನ್ನೇ ಇಡುತ್ತೇನೆ. ಆದರೆ ‘ಹೇಗೆ ನೋಡಿಕೊಂಡರು’ ಎಂಬುದನ್ನು ಈ ಬೆಳಿಗ್ಗೆ ಐದು ಜನರಿಗೆ ಓದಿ ಹೇಳಿದೆ. ಡಾಕ್ಟರು ಎದುರಿಗೇ ನಿಂತಿದ್ದರಿಂದ ಐವರೂ “ಚಲೋ ನೋಡ್ಯಾರ್ರಿ” ಎಂದುಬಿಟ್ಟರು. ಆದ್ದರಿಂದ ಪ್ರಶ್ನಾವಳಿಗೆ ‘ಇಲ್ಲಿ ಏನೇನು ನಡೆಯಿತು, ಹೇಳಿ’ ಎಂಬ ಶೀರ್ಷಿಕೆಯನ್ನು ಅಚ್ಚಿಗೆ ಕಳುಹಿಸುತ್ತಿದ್ದೇನೆ.