ನವೀನ, ಆ ಫೈಲ್ ತೆರೆಯುವ ಮುಂಚೆ ಇದನ್ನು ಕೇಳು

ನವೀನ, ಚಿಕ್ಕಪ್ಪ ಮಾತನಾಡುತ್ತಿದ್ದೇನೆ. ಜಯನಗರ 4ನೇ ಬ್ಲಾಕಿನ ಹತ್ತಿರ ಆಟೋವನ್ನು ನೆರಳಿಗೆ ಹಾಕಿ ಕುಳಿತಿದ್ದೇನೆ. ಬೆಳಿಗ್ಗೆ ನಮ್ಮ ಮನೆಯವರ ಗುಂಪಿನಲ್ಲಿ ನೀನು ಕೇಳಿದ್ದನ್ನು ಈಗ ನೋಡಿದೆ. ಓಲಾ, ಉಬರ್, ರ‍್ಯಾಪಿಡೊ, ನಮ್ಮ ಯಾತ್ರಿ ನಾಲ್ಕರಲ್ಲೂ ಬರುವ ಬಾಡಿಗೆಗಳನ್ನು ತಾನೇ ನೋಡಿ, ಒಳ್ಳೆಯದನ್ನು ತಾನೇ ಒತ್ತುವ ಆಪ್ ಇದೆ, ಸ್ಟ್ಯಾಂಡಿನ ಗೆಳೆಯ ವಾಟ್ಸಾಪ್‌ನಲ್ಲಿ ಫೈಲ್ ಕಳಿಸಿದ್ದಾನೆ, ಹಾಕಿಕೊಳ್ಳಲೇ ಎಂದು ಕೇಳಿದ್ದೀಯ. ಸುರೇಶ ಹಾಕಿಕೋ ಎಂದಿದ್ದಾನೆ, ಅತ್ತಿಗೆ ಬೇಡ ಎಂದಿದ್ದಾರೆ. ನಾನು ಅತ್ತಿಗೆಯ ಪಕ್ಷ.

ಆ ಯೋಚನೆಯೇ ಕೆಟ್ಟದ್ದು ಎಂದು ನಾನು ಹೇಳುವುದಿಲ್ಲ. ಅಮೆರಿಕದಲ್ಲಿ ಉಬರ್, ಲಿಫ್ಟ್ ಎರಡರಲ್ಲೂ ಓಡಿಸುವವರಿಗೆ ಮಿಸ್ಟ್ರೋ ಎಂಬ ಆಪ್ ಇದೆ. ಒಂದರಲ್ಲಿ ಬಾಡಿಗೆ ಹಿಡಿದ ಕೂಡಲೇ ಇನ್ನೊಂದನ್ನು ಅದೇ ಆಫ್‌ಲೈನ್ ಮಾಡುತ್ತದೆ. ಟ್ರಾಫಿಕ್ಕಿನ ನಡುವೆ ನಾಲ್ಕು ಆಪ್‌ಗಳನ್ನು ಬೆರಳಲ್ಲಿ ತಿರುಗಿಸುವುದು ಎಷ್ಟು ಅಪಾಯ ಎಂದು ನನಗೂ ಗೊತ್ತು.

ಆದರೆ ಇಂಥ ಆಪ್ ಕೆಲಸ ಮಾಡುವುದು ಹೇಗೆ? ಫೋನಿನಲ್ಲಿ ಆಕ್ಸೆಸಿಬಿಲಿಟಿ ಎನ್ನುವ ಅನುಮತಿ ಇದೆ. ಕಣ್ಣು ಕಾಣದವರಿಗೆ ಪರದೆಯ ಮೇಲಿರುವುದನ್ನು ಓದಿ ಹೇಳಲು, ಕೈ ಸ್ವಾಧೀನವಿಲ್ಲದವರ ಪರವಾಗಿ ಗುಂಡಿ ಒತ್ತಲು ಮಾಡಿದ್ದು ಅದು. ಅದನ್ನು ಕೊಟ್ಟರೆ ಬಾಡಿಗೆ ಒಂದೇ ಅಲ್ಲ, ಪರದೆಯ ಮೇಲೆ ಬರುವ ಬ್ಯಾಂಕಿನ ಸಂದೇಶ, ಒಟಿಪಿ, ನಿನ್ನ ಅಮ್ಮ ಕಳಿಸುವ ಮಾತು, ಎಲ್ಲವನ್ನೂ ಅದು ಓದಬಹುದು. ನಿನ್ನ ಬದಲು ಒತ್ತಲೂಬಹುದು. ಪ್ಲೇ ಸ್ಟೋರಿನಲ್ಲಿಲ್ಲದ, ಮಾಡಿದವರು ಯಾರೆಂದೇ ತಿಳಿಯದ ಫೈಲಿಗೆ ಇಷ್ಟನ್ನು ಹೇಗೆ ಕೊಡುತ್ತೀಯ? ಗಾಡಿಯ ಕಂತು ಕಟ್ ಆಗುವುದು ಅದೇ ಫೋನಿನ ಖಾತೆಯಿಂದ.

ನಾನೇ ಒಮ್ಮೆ ಇಂಥದ್ದನ್ನು ಹಾಕಿಕೊಂಡಿದ್ದೆ, ಮನೆಯಲ್ಲಿ ಹೇಳಿರಲಿಲ್ಲ. ಬನಶಂಕರಿಯಲ್ಲಿ ಒಂದು ಬಾಡಿಗೆ ಹಿಡಿದು ಹೊರಟಿದ್ದೆ. ಹಿಂದೆಯೇ ಇನ್ನೊಂದು ಆಪ್‌ನಲ್ಲೂ ಅದು ಒತ್ತಿಬಿಟ್ಟಿತ್ತು. ನನಗೆ ತಿಳಿದದ್ದು ಫೋನ್ ಬಂದಾಗ. ಒಬ್ಬ ಅಜ್ಜಿ, "ಎಲ್ಲಿದ್ದೀರಪ್ಪ, ಡಾಕ್ಟರು ಎದ್ದು ಹೋಗಿಬಿಡುತ್ತಾರೆ" ಎಂದರು. ಅಷ್ಟರಲ್ಲಿ ನಾನು ಎರಡು ಕಿಲೋಮೀಟರ್ ದೂರದಲ್ಲಿದ್ದೆ, ಹಿಂದಿನ ಸೀಟಿನಲ್ಲಿ ಬೇರೆಯವರು ಕುಳಿತಿದ್ದರು. ರದ್ದು ಮಾಡಿದೆ. ಆ ದನಿ ಇವತ್ತಿಗೂ ಕಿವಿಯಲ್ಲಿದೆ. ಆ ವಾರವೇ ಒಂದು ಕಂಪನಿಯವರು ನನ್ನ ಖಾತೆಯನ್ನು ನಾಲ್ಕು ದಿನ ನಿಲ್ಲಿಸಿದರು. 2025ರಲ್ಲಿ ನಮ್ಮ ರಾಜ್ಯದಲ್ಲಿ ಗಿಗ್ ಕಾರ್ಮಿಕರ ಕಾನೂನು ಬಂದಿದೆ. ಕೆಲಸದಿಂದ ತೆಗೆಯಬೇಕಾದರೆ ಕಾರಣ ಬರೆದುಕೊಟ್ಟು 14 ದಿನ ಮುಂಚೆ ತಿಳಿಸಬೇಕು ಎಂದು ಅದರಲ್ಲಿದೆ. ಸರಿಯಾದ ಕಾರಣವನ್ನು ನಾವೇ ಕೈಗೆ ಕೊಟ್ಟರೆ ಕಾನೂನು ಏನು ಮಾಡೀತು?

ಈಗ ಲೆಕ್ಕಕ್ಕೆ ಬಾ. ಆಪ್‌ನಲ್ಲಿ ಹಣ ದಪ್ಪ ಅಕ್ಷರದಲ್ಲಿರುತ್ತದೆ, ಪಿಕಪ್ ದೂರ, ಅಂದರೆ ಗಿರಾಕಿ ನಿಂತಿರುವಲ್ಲಿಗೆ ಖಾಲಿ ಓಡಿಸಬೇಕಾದ ದೂರ, ಸಣ್ಣ ಅಕ್ಷರದಲ್ಲಿರುತ್ತದೆ. ನೀನು ಮೊದಲು ಸಣ್ಣದನ್ನು ಓದು. 2025ರ ಆಗಸ್ಟ್ 1ರಿಂದ ಮೀಟರ್ ದರ ಮೊದಲ 2 ಕಿಲೋಮೀಟರ್‌ಗೆ 36 ರೂಪಾಯಿ, ಆಮೇಲೆ ಕಿಲೋಮೀಟರ್‌ಗೆ 18. ಅದರಲ್ಲೇ ನೋಡು: 6 ಕಿಲೋಮೀಟರ್ ಬಾಡಿಗೆಗೆ 108 ರೂಪಾಯಿ. ಆದರೆ ಪಿಕಪ್ 3 ಕಿಲೋಮೀಟರ್ ಇದ್ದರೆ ಒಟ್ಟು 9 ಓಡಿಸಿದ ಹಾಗಾಯಿತು, ಕಿಲೋಮೀಟರ್‌ಗೆ 12 ಸಿಕ್ಕಿತು. 4 ಕಿಲೋಮೀಟರ್ ಬಾಡಿಗೆಗೆ 72, ಪಿಕಪ್ ಅರ್ಧ ಕಿಲೋಮೀಟರ್ ಆದರೆ 16 ಸಿಕ್ಕಿತು. ಸಣ್ಣ ಬಾಡಿಗೆಯೇ ಮೇಲು. ಹೊರವರ್ತುಲ ರಸ್ತೆಯಲ್ಲಂತೂ ಪಿಕಪ್ 400 ಮೀಟರ್ ಎಂದು ತೋರಿಸುತ್ತದೆ, ಗಿರಾಕಿ ಡಿವೈಡರಿನ ಆಚೆ ನಿಂತಿರುತ್ತಾರೆ, ಯೂಟರ್ನ್ ಎಲ್ಲೋ ಮುಂದೆ. ಅದು ನಿನಗೆ ನೋಡಿದ ಕೂಡಲೇ ಹೊಳೆಯಬೇಕು.

ನಾಲ್ಕು ಆಪ್ ಬೇಕೇ ಎಂಬುದನ್ನೂ ಯೋಚಿಸು. ನಮ್ಮ ಯಾತ್ರಿ 2022ರ ನವೆಂಬರಿನಲ್ಲಿ ಕಮಿಷನ್ ಇಲ್ಲದೆ ಬಂತು, ಆಮೇಲೆ ದಿನಕ್ಕೆ 25 ರೂಪಾಯಿ ಶುಲ್ಕ ಇಟ್ಟರು. ಉಳಿದವರೂ ಆಟೋಗಳಿಗೆ ಕಮಿಷನ್ ಬಿಟ್ಟು ಶುಲ್ಕದ ದಾರಿಗೇ ಬಂದರು. ಹಾಗಾಗಿ ಕಂಡ ಕಂಡ ಆಪ್‌ನಲ್ಲಿ ಶುಲ್ಕ ಕಟ್ಟಿದರೆ, ಒಂದೇ ಬಾಡಿಗೆ ಸಿಕ್ಕಿದ ಆಪ್‌ನ ಶುಲ್ಕವೂ ನಿನ್ನ ತಲೆಯ ಮೇಲೆಯೇ. ಒಂದು ವಾರ ಚೀಟಿಯಲ್ಲಿ ಬರೆ, ನಿನ್ನ ಏರಿಯಾದಲ್ಲಿ ಯಾವುದು ಹೆಚ್ಚು ಕೊಡುತ್ತದೆ ನೋಡು, ಎರಡನ್ನು ಉಳಿಸಿಕೋ. ಒಂದರಲ್ಲಿ ಬಾಡಿಗೆ ಹಿಡಿದರೆ ಗಾಡಿ ಕದಲಿಸುವ ಮುಂಚೆ ಇನ್ನೊಂದನ್ನು ಆಫ್ ಮಾಡು. ನಾನು ಈಗ ಮಾಡುವುದು ಇಷ್ಟೇ.

ಅತ್ತಿಗೆ, ನಾಳೆ ರಾತ್ರಿ ಅವನನ್ನು ನಮ್ಮ ಮನೆಗೆ ಕಳಿಸಿ, ಊಟ ಇಲ್ಲೇ ಆಗಲಿ. ಅವನ ಫೋನಿನಲ್ಲಿ ಆಕ್ಸೆಸಿಬಿಲಿಟಿ ಯಾವುದಕ್ಕಾದರೂ ಚಾಲೂ ಇದೆಯೇ ಎಂದು ಒಟ್ಟಿಗೆ ಕುಳಿತು ನೋಡುತ್ತೇವೆ. ಅಲ್ಲಿಯವರೆಗೆ ಆ ಫೈಲ್ ಮುಟ್ಟಬೇಡ ನವೀನ. ಇಡುತ್ತೇನೆ, ಬಾಡಿಗೆ ಬಂತು, ಪಿಕಪ್ 600 ಮೀಟರ್.